ಸಂಸಾರದೊಳಗಿನ ಸಾಧಕ: ಅಳಸಿಂಗ ಪೆರುಮಾಳ್

ಊರಿನಿಂದ ನೆಂಟರು ಬಂದರೆ ಅವರನ್ನು ಮರೀನಾ ಕಡಲತೀರಕ್ಕೆ ಕರೆದುಕೊಂಡು ಹೋಗುವುದು ಚೆನ್ನೈ ಕನ್ನಡಿಗರಾದ ನಮ್ಮೆಲ್ಲರ ಮನೆಯ ಪದ್ಧತಿ. ಹಾಗೆ ಹೋದಾಗ ರಸ್ತೆಯಂಚಿನ ದುಂಡು ಕಟ್ಟಡವೊಂದನ್ನು ತೋರಿಸಿ ‘ಅದೇ ಐಸ್ ಹೌಸ್, ವಿವೇಕಾನಂದರು ಇಳಿದುಕೊಂಡಿದ್ದ ಮನೆ’ ಎನ್ನುತ್ತೇವೆ. ನೆಂಟರು ಕೈಮುಗಿಯುತ್ತಾರೆ; ಮಕ್ಕಳು ಸುಂಡಲ್ ಮಾರುವವನ ಕಡೆಗೆ ಓಡುತ್ತಾರೆ. ಅಷ್ಟಕ್ಕೆ ಆ ಮಾತು ಮುಗಿಯುತ್ತದೆ. ಆದರೆ ವಿವೇಕಾನಂದರನ್ನು ಚಿಕಾಗೋ ನಗರಕ್ಕೆ ಕಳುಹಿಸಲು ಈ ಊರಿನ ಬೀದಿಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ ಹಣ ಕೂಡಿಸಿದವರು ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಒಬ್ಬ ಶಾಲಾ ಉಪಾಧ್ಯಾಯರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಅವರ ಹೆಸರು ಮಂಡಯಂ ಚಕ್ರವರ್ತಿ ಅಳಸಿಂಗ ಪೆರುಮಾಳ್. ಹುಟ್ಟಿದ್ದು 1865ರಲ್ಲಿ. ಮಂಡಯಂ ಎಂದರೆ ನಮ್ಮ ಮಂಡ್ಯವೇ. ಆ ಅಯ್ಯಂಗಾರ್ ಸಮುದಾಯದವರ ಮನೆಮಾತು ಕನ್ನಡ ಬೆರೆತ ತಮಿಳು. ಆದ್ದರಿಂದ ಅಳಸಿಂಗರನ್ನು ಕನ್ನಡಿಗರೆನ್ನಬೇಕೋ ತಮಿಳರೆನ್ನಬೇಕೋ ಎಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಮೈಸೂರು ಸೀಮೆಯ ನೀರು ಕುಡಿದು ಮದರಾಸಿನಲ್ಲಿ ಬಾಳಿದವರು ಎಂದರೆ ಸಾಕು. ನಮ್ಮಲ್ಲಿ ಬಹಳ ಮಂದಿಯ ಕಥೆಯೂ ಅದೇ ತಾನೆ!

ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಅಳಸಿಂಗರು ಕುಂಭಕೋಣ, ಚಿದಂಬರಗಳಲ್ಲಿ ಕೆಲಕಾಲ ಪಾಠ ಹೇಳಿ ಬಳಿಕ ಪಚ್ಚೈಯಪ್ಪ ವಿದ್ಯಾಸಂಸ್ಥೆಗೆ ಸೇರಿದರು. ವಾಸ ತಿರುವಲ್ಲಿಕ್ಕೇಣಿಯಲ್ಲಿ, ಪಾರ್ಥಸಾರಥಿ ಸ್ವಾಮಿಯ ಸನ್ನಿಧಿಯಲ್ಲಿ. ಉಪಾಧ್ಯಾಯರ ಸಂಬಳ, ಸಾಕಬೇಕಾದ ಸಂಸಾರ, ಜೊತೆಗೆ ವೈಷ್ಣವ ಮನೆತನದ ಆಚಾರ. ಹೊರಗಿನಿಂದ ನೋಡಿದವರಿಗೆ ಅವರ ಬಾಳಿನಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಕನ್ಯಾಕುಮಾರಿಯವರೆಗೆ ಪರಿವ್ರಾಜಕರಾಗಿ ಸುತ್ತಿದ ವಿವೇಕಾನಂದರು ಮದರಾಸಿಗೆ ಬಂದು ಸ್ಯಾಂಥೋಮಿನಲ್ಲಿ ಮನ್ಮಥನಾಥ ಭಟ್ಟಾಚಾರ್ಯರ ಮನೆಯಲ್ಲಿ ಉಳಿದರು. ಆಗ ಅವರ ಸುತ್ತ ನೆರೆದ ತರುಣರಲ್ಲಿ ಅಳಸಿಂಗರು ಮುಂದಾಳು. ಸರ್ವಧರ್ಮ ಸಮ್ಮೇಳನಕ್ಕೆ ಸ್ವಾಮೀಜಿ ಹೋಗಲೇಬೇಕೆಂದು ಇವರು ಹಣ ಕೂಡಿಸಲು ಹೊರಟರು. ಮೊದಲು ಸುಮಾರು 500 ರೂಪಾಯಿ ಕೂಡಿತು. ಸ್ವಾಮೀಜಿಗೆ ಇನ್ನೂ ಮನಸ್ಸು ನಿಂತಿರಲಿಲ್ಲ. ಅದನ್ನು ಬಡವರಿಗೆ ಹಂಚಿಬಿಡಿ ಎಂದರು. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಅಳಸಿಂಗರು ಬಿಡಲಿಲ್ಲ. 1893ರ ಬೇಸಗೆಯ ಹೊತ್ತಿಗೆ ಮತ್ತೆ ಪಟ್ಟಿ ಹಿಡಿದು ಹೊರಟರು. ತಾನು ಹೋಗುವುದು ಸಾಮಾನ್ಯ ಜನರ, ಬಡವರ ಪರವಾಗಿ ಎಂದು ಸ್ವಾಮೀಜಿ ಹೇಳಿದ್ದರಿಂದ, ಮಧ್ಯಮ ವರ್ಗದವರ ಬಾಗಿಲಿಗೇ ಹೆಚ್ಚಾಗಿ ಹೋದರು. ಮೇ 31ರಂದು ಮುಂಬಯಿಯಿಂದ ಹಡಗು ಹೊರಟಾಗ ಬೀಳ್ಕೊಡಲು ಅಳಸಿಂಗರು ಅಲ್ಲಿಗೂ ಹೋಗಿದ್ದರು.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಜುಲೈ ಕೊನೆಯಲ್ಲಿ ಚಿಕಾಗೋ ಮುಟ್ಟಿದ ಸ್ವಾಮೀಜಿಗೆ ಸಮ್ಮೇಳನ ನಡೆಯುವುದು ಸೆಪ್ಟೆಂಬರಿನಲ್ಲಿ ಎಂದೂ, ಪರಿಚಯಪತ್ರವಿಲ್ಲದವರಿಗೆ ಪ್ರವೇಶವಿಲ್ಲವೆಂದೂ ತಿಳಿಯಿತು. ಕೈಯಲ್ಲಿದ್ದ ಹಣ ನೀರಿನಂತೆ ಹರಿಯುತ್ತಿತ್ತು, ಚಳಿಗೆ ತಕ್ಕ ಬಟ್ಟೆ ಇರಲಿಲ್ಲ. ಆಗಸ್ಟ್ 20ರಂದು ಮ್ಯಾಸಚೂಸೆಟ್ಸಿನ ಹಳ್ಳಿಯೊಂದರಿಂದ ಅವರು ತಮ್ಮ ಕಷ್ಟವನ್ನೆಲ್ಲ ತೋಡಿಕೊಂಡು ಪತ್ರ ಬರೆದದ್ದು ಅಳಸಿಂಗರಿಗೆ. ರಾಜಮಹಾರಾಜರ ಪರಿಚಯವಿದ್ದ ಸಂನ್ಯಾಸಿ ಕಷ್ಟಕಾಲದಲ್ಲಿ ನೆನೆದದ್ದು ತಿರುವಲ್ಲಿಕ್ಕೇಣಿಯ ಮೇಷ್ಟರನ್ನು! ಅಳಸಿಂಗರು ಮತ್ತೆ ಹೇಗೋ ಹಣ ಕೂಡಿಸಿ ಕಳುಹಿಸಿದರು. ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಅವರು ಪರಿಚಯಪತ್ರ ಕೊಟ್ಟರು. ಸೆಪ್ಟೆಂಬರ್ 11ರಂದು ನಡೆದದ್ದು ಜಗತ್ತಿಗೇ ತಿಳಿದಿದೆ.

ಇಷ್ಟಕ್ಕೆ ಅಳಸಿಂಗರ ಕೆಲಸ ಮುಗಿಯಿತೆ? ಇಲ್ಲ. ಸ್ವಾಮೀಜಿಯ ಪತ್ರಗಳು ಒಂದರ ಮೇಲೊಂದು ಬಂದವು. ಕೆಲವು ಪ್ರೀತಿಯಿಂದ ಬೆನ್ನು ತಟ್ಟಿದರೆ ಕೆಲವು ಗದರಿಸಿದವು. ಅವರ ಪ್ರೇರಣೆಯಿಂದ 1895ರ ಸೆಪ್ಟೆಂಬರ್ 14ರಂದು ‘ಬ್ರಹ್ಮವಾದಿನ್’ ಎಂಬ ಇಂಗ್ಲಿಷ್ ಪತ್ರಿಕೆ ಮದರಾಸಿನಲ್ಲಿ ಹೊರಟಿತು. ವಿದೇಶದಿಂದ ಸ್ವಾಮೀಜಿ ಹಣ ಕಳುಹಿಸಿದರೂ ಪತ್ರಿಕೆಯ ಭಾರ ಬಿದ್ದದ್ದು ಅಳಸಿಂಗರ ಹೆಗಲ ಮೇಲೆ. ಹಗಲು ಪಾಠ, ಉಳಿದ ಹೊತ್ತು ಪತ್ರಿಕೆ. ಸಂಘದ ಈ ಪತ್ರಿಕೆಯನ್ನು ತಿಂಗಳಿಗೊಮ್ಮೆ ಹೊರತರಲು ನಾವು ಪಡುವ ಪಾಡನ್ನು ನೆನೆದರೆ, ಆ ಕಾಲದಲ್ಲಿ ಒಬ್ಬ ಗೃಹಸ್ಥರು ಅದನ್ನು ಹೇಗೆ ನಡೆಸಿದರೋ ಎಂದು ಬೆರಗಾಗುತ್ತದೆ.

1897ರ ಫೆಬ್ರವರಿಯಲ್ಲಿ ವಿವೇಕಾನಂದರು ಹಿಂದಿರುಗಿದಾಗ ಮದರಾಸು ಹಬ್ಬದ ಊರಾಯಿತು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಇಡಲು 1842ರಲ್ಲಿ ಕಟ್ಟಿದ್ದ ಐಸ್ ಹೌಸ್ ಆಗ ವಕೀಲ ಬಿಳಿಗಿರಿ ಅಯ್ಯಂಗಾರ್ಯರ ಸ್ವತ್ತು. ಆ ಹೆಸರು ಕೇಳಿದರೇ ನಮಗೆ ಬಿಳಿಗಿರಿರಂಗನ ಬೆಟ್ಟ ಕಣ್ಣಮುಂದೆ ಬರುತ್ತದೆ. ಅಲ್ಲಿ ಒಂಬತ್ತು ದಿನ ಸ್ವಾಮೀಜಿ ಉಳಿದರು. ಮುಂದೆ ಬಂದ ರಾಮಕೃಷ್ಣಾನಂದರು ಅಲ್ಲಿಯೇ ಮಠವನ್ನು ನಡೆಸಿ, 1907ರಲ್ಲಿ ಮೈಲಾಪುರಕ್ಕೆ ಸಾಗಿಸಿದರು. ಇಂದಿಗೂ ಆ ಮಠ ನಡೆದಿದೆ.

ನಮಗೆ ಎಲ್ಲಕ್ಕಿಂತ ಪ್ರಿಯವಾದದ್ದು 1899ರ ಜೂನ್ ತಿಂಗಳ ಪ್ರಸಂಗ. ಸ್ವಾಮೀಜಿ ಎರಡನೆಯ ಸಲ ಪಶ್ಚಿಮಕ್ಕೆ ಹೊರಟಿದ್ದ ‘ಗೋಲ್ಕೊಂಡ’ ಹಡಗು ಮದರಾಸು ಬಂದರಿಗೆ ಬಂತು. ಕಲ್ಕತ್ತೆಯಲ್ಲಿ ಪ್ಲೇಗು, ಅಲ್ಲಿಂದ ಬಂದವರು ದಡಕ್ಕೆ ಇಳಿಯುವಂತಿಲ್ಲ. ಭಕ್ತರು ದೋಣಿಗಳಲ್ಲಿ ಹೋಗಿ ದೂರದಿಂದ ಕಂಡು ಮರಳಿದರು. ಪತ್ರಿಕೆಯ ವಿಷಯ ಗುರುಗಳೊಡನೆ ಮಾತನಾಡಲೇಬೇಕಾಗಿದ್ದ ಅಳಸಿಂಗರು ಕೊಲಂಬೋವರೆಗೆ ಟಿಕೆಟ್ ಕೊಂಡು ಹಡಗನ್ನೇ ಹತ್ತಿಬಿಟ್ಟರು! ಬರಿಗಾಲು, ಬೋಳಿಸಿದ ತಲೆ, ಹಣೆ ತುಂಬ ತೆಂಗಲೆ ನಾಮ. ಕೈಯಲ್ಲಿ ಎರಡು ಗಂಟು: ಒಂದರಲ್ಲಿ ಹುರಿದ ಅವಲಕ್ಕಿ, ಇನ್ನೊಂದರಲ್ಲಿ ಪುರಿ, ಹುರಿದ ಬಟಾಣಿ. ಹಡಗಿನ ಊಟ ಮುಟ್ಟಿದರೆ ಜಾತಿ ಕೆಡುತ್ತದಲ್ಲ! ಅದಕ್ಕೂ ಮುಂಚೆ ಒಮ್ಮೆ ಸಿಂಹಳಕ್ಕೆ ಹೋಗಿ ಬಂದಾಗ ಜಾತಿಯವರು ತಕರಾರು ತೆಗೆದಿದ್ದರು. ಈ ಮೈಸೂರು ಬ್ರಾಹ್ಮಣರ ಸಾರಿನ ಪ್ರೀತಿಯನ್ನೂ ಬುತ್ತಿಯ ಗಂಟನ್ನೂ ಸ್ವಾಮೀಜಿ ತಮ್ಮ ಪ್ರವಾಸ ಕಥನದಲ್ಲಿ ನಗುನಗುತ್ತ ಬಣ್ಣಿಸಿ, ಇಂಥ ನಿಃಸ್ವಾರ್ಥಿ, ಇಂಥ ಶ್ರಮಜೀವಿ ಶಿಷ್ಯ ಲೋಕದಲ್ಲಿ ಅಪರೂಪ ಎಂದು ಮನತುಂಬಿ ಹೇಳಿದ್ದಾರೆ.

ಆಚಾರವನ್ನು ಬಿಡಲಿಲ್ಲ, ಆಚಾರಕ್ಕೆ ಹೆದರಿ ಕೆಲಸವನ್ನೂ ಬಿಡಲಿಲ್ಲ. ಸಂಸಾರವನ್ನು ತೊರೆಯಲಿಲ್ಲ, ಸಂಸಾರದ ನೆಪ ಹೇಳಿ ಸಾಧನೆಯನ್ನೂ ಮುಂದೂಡಲಿಲ್ಲ. ಇದಕ್ಕೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. ಅವರು ಕೊನೆಯವರೆಗೂ ಸ್ಥಿತಿವಂತರಾಗಲಿಲ್ಲ, ವಿಶ್ರಾಂತಿ ಕಾಣಲಿಲ್ಲ. 1909ರ ಮೇ 11ರಂದು, 45 ತುಂಬುವ ಮೊದಲೇ ತೀರಿಕೊಂಡರು. ‘ಬ್ರಹ್ಮವಾದಿನ್’ 1914ರಲ್ಲಿ ನಿಂತಿತು. ಅದೇ ವರ್ಷ ಮೈಲಾಪುರದ ಮಠ ‘ವೇದಾಂತ ಕೇಸರಿ’ಯನ್ನು ಆರಂಭಿಸಿ ಆ ಕೆಲಸವನ್ನು ಮುಂದುವರಿಸಿತು.

ನಮ್ಮ ಕೂಟಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ಮಕ್ಕಳ ಓದು ಮುಗಿಯಲಿ, ಮಗಳ ಮದುವೆಯಾಗಲಿ, ನಿವೃತ್ತಿಯಾಗಲಿ; ಆಮೇಲೆ ಊರಿಗೆ ಹೋಗಿ ದೇವರು, ಧ್ಯಾನ ಎಂದು ಇದ್ದುಬಿಡೋಣ.’ ಹಾಗೆ ಹೇಳುವವರನ್ನು ನಾವು ಆಕ್ಷೇಪಿಸುತ್ತಿಲ್ಲ, ನಾವೂ ಹೇಳಿದವರೇ. ಆದರೆ ಅಳಸಿಂಗರು ನಿವೃತ್ತಿಯ ವಯಸ್ಸನ್ನೇ ಕಾಣಲಿಲ್ಲ. ಅವರು ಕಾದಿದ್ದರೆ ಏನಾಗುತ್ತಿತ್ತು? ಸಾರ್ಥಕ ಬಾಳಿಗೆ ಬೇರೆ ಊರು, ಬೇರೆ ಕಾಲ ಬೇಕಿಲ್ಲ. ಸಂಬಳದ ದುಡಿಮೆ ಮುಗಿಸಿ ಮನೆಗೆ ಬಂದ ಮೇಲೆ ಉಳಿಯುವ ಆ ಎರಡು ಗಂಟೆ ಸಾಕು ಎಂಬುದನ್ನು ಅವರು ನಡೆದು ತೋರಿಸಿದರು.

ಐಸ್ ಹೌಸಿಗೆ 1963ರಲ್ಲಿ ‘ವಿವೇಕಾನಂದರ್ ಇಲ್ಲಂ’ ಎಂದು ಹೆಸರಾಯಿತು. ಮುಂದಿನ ಸಲ ನೆಂಟರೊಡನೆ ಅಲ್ಲಿಗೆ ಹೋದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಅವಲಕ್ಕಿ ಗಂಟು ಕಟ್ಟಿಕೊಂಡು ಹಡಗು ಹತ್ತಿದ ಚಿಕ್ಕಮಗಳೂರಿನ ಮೇಷ್ಟರ ಕಥೆಯನ್ನೂ ಹೇಳೋಣ. ಮಕ್ಕಳು ನಗುತ್ತಾರೆ, ನಗಲಿ. ನಕ್ಕು ಕೇಳಿದ ಕಥೆ ಬೇಗ ಮರೆಯುವುದಿಲ್ಲ.