ಹುಳು ಸಾಕಣೆ ಮನೆಯ ಸೋಂಕು ನಿವಾರಣೆ: ಫಾರ್ಮಾಲಿನ್‌ಗೆ ಸುರಕ್ಷಿತ ಪರ್ಯಾಯಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯಲ್ಲಿ ರೇಷ್ಮೆ ಕೃಷಿಯು ಸಹಸ್ರಾರು ಕುಟುಂಬಗಳ ಜೀವನಾಧಾರವಾಗಿದೆ. ಅಕ್ಕೂರಿನಂತಹ ಗ್ರಾಮಗಳಲ್ಲಿ ಹುಳು ಸಾಕಣೆ ಮನೆಯು ಅನೇಕ ವೇಳೆ ವಾಸದ ಮನೆಗೆ ಹೊಂದಿಕೊಂಡೇ ಇರುತ್ತದೆ. ಆದುದರಿಂದ ಅಲ್ಲಿ ಸಿಂಪಡಿಸುವ ರಾಸಾಯನಿಕವು ಹುಳುವಿಗೆ ಮಾತ್ರವಲ್ಲ, ಮನೆಮಂದಿಗೂ ಸಂಬಂಧಿಸಿದ ವಿಷಯ.

ಫಾರ್ಮಾಲಿನ್ ಏಕೆ ಬೇಡ?

ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮತ್ತು ಗಂಟು ರೋಗಗಳ ಸೋಂಕನ್ನು ನಿವಾರಿಸಲು ಫಾರ್ಮಾಲಿನ್ ಬಹುಕಾಲದಿಂದ ಬಳಕೆಯಲ್ಲಿದೆ. ಇದರಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲವು ಕಣ್ಣು, ಮೂಗು ಮತ್ತು ಗಂಟಲಲ್ಲಿ ಉರಿಯನ್ನುಂಟುಮಾಡಿ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿದೆ.

ಎರಡನೆಯ ಕಾರಣವೂ ಮುಖ್ಯವಾದುದು. ಫಾರ್ಮಾಲಿನ್ ಪರಿಣಾಮಕಾರಿಯಾಗಲು ಮನೆಯು ಗಾಳಿಯಾಡದಂತೆ ಮುಚ್ಚಿರಬೇಕು. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ಗಿಂತ ಹಾಗೂ ತೇವಾಂಶ ಶೇ. 70ಕ್ಕಿಂತ ಹೆಚ್ಚಿರಬೇಕು. ಹೆಂಚಿನ ಅಥವಾ ಶೀಟಿನ ಸೂರಿನ ಸಂದುಗಳಿಂದ ಅನಿಲವು ಹೊರಹೋಗುತ್ತದೆ. ಚಳಿಗಾಲದ ಬೆಳೆಗಳಲ್ಲಿ ಅಗತ್ಯವಾದ ಉಷ್ಣಾಂಶವೂ ದೊರೆಯುವುದಿಲ್ಲ. ಹೀಗೆ ರೋಗಾಣು ಉಳಿದು, ಬೆಳೆಯೂ ಕೈತಪ್ಪಿ, ಸಿಂಪಡಿಸಿದವರ ಆರೋಗ್ಯವೂ ಕೆಡುತ್ತದೆ.

ಪರ್ಯಾಯ 1: ಬ್ಲೀಚಿಂಗ್ ಪುಡಿ ಮತ್ತು ಅರಳಿದ ಸುಣ್ಣ

ಶೇ. 2ರ ಬ್ಲೀಚಿಂಗ್ ಪುಡಿಯನ್ನು ಶೇ. 0.3ರ ಸುಣ್ಣದ ನೀರಿನಲ್ಲಿ ಬಳಸಬೇಕು. ಅಂದರೆ 100 ಲೀಟರ್ ನೀರಿಗೆ 2 ಕಿ.ಗ್ರಾಂ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ. ಪುಡಿಯಲ್ಲಿ ಶೇ. 30ರಷ್ಟು ಕ್ಲೋರಿನ್ ಅಂಶವಿರಬೇಕು. ಗಾಳಿ, ಬೆಳಕು ಮತ್ತು ತೇವ ತಾಗಿದರೆ ಅದು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊಹರಾದ ಚೀಲವನ್ನೇ ಕೊಳ್ಳಿರಿ. ಒದ್ದೆಯಾಗಿ ಗಂಟುಕಟ್ಟಿದ, ವಾಸನೆ ಹೋದ ಪುಡಿಯನ್ನು ಬಳಸಬೇಡಿರಿ. ದ್ರಾವಣವನ್ನು ಆಗಿಂದಾಗ್ಗೆ ತಯಾರಿಸಿ ಕೂಡಲೇ ಸಿಂಪಡಿಸಬೇಕು. ಇದು ಕಬ್ಬಿಣವನ್ನು ತುಕ್ಕು ಹಿಡಿಸುವುದರಿಂದ ಲೋಹದ ಸ್ಟ್ಯಾಂಡುಗಳಿಗೆ ಸೂಕ್ತವಲ್ಲ.

ಪರ್ಯಾಯ 2: ಕ್ಲೋರಿನ್ ಡೈ ಆಕ್ಸೈಡ್

ಇದು 'ಸ್ಯಾನಿಟೆಕ್' ಹೆಸರಿನಲ್ಲಿ ದೊರೆಯುತ್ತದೆ. 100 ಲೀಟರ್ ದ್ರಾವಣಕ್ಕೆ 2.5 ಲೀಟರ್ ಸ್ಯಾನಿಟೆಕ್, 250 ಗ್ರಾಂ ಆಕ್ಟಿವೇಟರ್ ಹರಳು ಹಾಗೂ 500 ಗ್ರಾಂ ಅರಳಿದ ಸುಣ್ಣ ಬೇಕು. ಮೊದಲು ಹರಳನ್ನು ಸ್ಯಾನಿಟೆಕ್‌ನೊಂದಿಗೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬಯಲಿನಲ್ಲೇ ಬೆರೆಸಿರಿ. ಪಾತ್ರೆಯ ಮೇಲೆ ಬಾಗಬಾರದು. ಬಣ್ಣ ಹಳದಿಗೆ ತಿರುಗಿದ ಮೇಲೆ ನೀರು ಮತ್ತು ಸುಣ್ಣಕ್ಕೆ ಸೇರಿಸಿರಿ. ಸಂದುಗಳಿರುವ ಮನೆಯಲ್ಲಿಯೂ ಇದು ಕೆಲಸ ಮಾಡುತ್ತದೆ. ಬ್ಲೀಚಿಂಗ್ ಪುಡಿಗಿಂತ ತುಕ್ಕು ಕಡಿಮೆ.

ಎಷ್ಟು ದ್ರಾವಣ ಬೇಕು?

ನೆಲದ ವಿಸ್ತೀರ್ಣದ ಪ್ರತಿ ಚದರ ಅಡಿಗೆ ಸುಮಾರು 140 ಮಿ.ಲೀ. ಹಾಗೂ ಸಲಕರಣೆಗಳಿಗೆ ಅದರ ಕಾಲು ಭಾಗ. 1,000 ಚದರ ಅಡಿಯ ಮನೆಗೆ 140 ಮತ್ತು 35, ಒಟ್ಟು 175 ಲೀಟರ್ ಆಗುತ್ತದೆ. ಬ್ಲೀಚಿಂಗ್ ಪುಡಿಯ ವಿಧಾನದಲ್ಲಿ ಇದಕ್ಕೆ 3.5 ಕಿ.ಗ್ರಾಂ ಪುಡಿ ಮತ್ತು 525 ಗ್ರಾಂ ಸುಣ್ಣ ಸಾಕು.

ಅನುಸರಿಸಬೇಕಾದ ಕ್ರಮ

1. ಗೂಡು ಬಿಡಿಸಿದ ಕೂಡಲೇ, ಕಸ ಗುಡಿಸುವ ಮೊದಲೇ ಒಮ್ಮೆ ಸಿಂಪಡಿಸಿರಿ. ಒಣಕಸ ಗುಡಿಸಿದರೆ ರೋಗಾಣುಗಳು ಧೂಳಿನೊಂದಿಗೆ ಹರಡುತ್ತವೆ.
2. ಸತ್ತ ಹಾಗೂ ರೋಗಗ್ರಸ್ತ ಹುಳುಗಳನ್ನು ಆರಿಸಿ ಸುಟ್ಟುಹಾಕಿರಿ, ಇಲ್ಲವೇ ಸುಣ್ಣದೊಡನೆ ಹೂಳಿರಿ. ಹಿಕ್ಕೆ ಮತ್ತು ಉಳಿಕೆ ಸೊಪ್ಪನ್ನು ನೇರವಾಗಿ ಹಿಪ್ಪುನೇರಳೆ ತೋಟಕ್ಕೆ ಹಾಕದೆ, ದೂರದ ಗೊಬ್ಬರ ಗುಂಡಿಗೆ ಸೇರಿಸಿರಿ.
3. ಮನೆ, ತಟ್ಟೆ ಮತ್ತು ಚಂದ್ರಿಕೆಗಳನ್ನು ಶುಚಿಗೊಳಿಸಿ, ತೊಳೆಯಬಹುದಾದವನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಿರಿ. ಕೊಳೆಯಿದ್ದಲ್ಲಿ ಕ್ಲೋರಿನ್ ಕೊಳೆಯ ಮೇಲೆಯೇ ವ್ಯಯವಾಗುತ್ತದೆ.
4. ಚಾಕಿ ಕಟ್ಟುವ ಮೂರು ದಿನ ಮೊದಲು ಗೋಡೆ, ಸೂರು, ನೆಲ ಮತ್ತು ಸಲಕರಣೆಗಳು ಪೂರ್ಣ ತೋಯುವಂತೆ ಎರಡನೆಯ ಬಾರಿ ಸಿಂಪಡಿಸಿರಿ. ಅರ್ಧ ಗಂಟೆಯಾದರೂ ತೇವ ಉಳಿಯಬೇಕು.
5. ಹುಳು ತರುವ 24 ಗಂಟೆ ಮೊದಲು ಬಾಗಿಲು, ಕಿಟಕಿ ತೆರೆದು ಗಾಳಿಯಾಡಲು ಬಿಡಿರಿ.

ಎಚ್ಚರಿಕೆಗಳು

ಪರ್ಯಾಯಗಳು ಫಾರ್ಮಾಲಿನ್‌ಗಿಂತ ಸುರಕ್ಷಿತವೇ ಹೊರತು ನಿರಪಾಯಕಾರಿಯಲ್ಲ.

• ಬ್ಲೀಚಿಂಗ್ ಪುಡಿಯೊಂದಿಗೆ ಆಮ್ಲ, ಶೌಚಾಲಯ ತೊಳೆಯುವ ದ್ರಾವಣ, ಯೂರಿಯಾ ಅಥವಾ ಫಾರ್ಮಾಲಿನ್ ಬೆರೆಸಲೇಬಾರದು. ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.
• ಕೈಗವಸು, ಕನ್ನಡಕ, ಮುಖಗವಸು ಮತ್ತು ತುಂಬುತೋಳಿನ ಅಂಗಿ ಧರಿಸಿರಿ. ಬಟ್ಟೆಯ ಮುಖಗವಸು ಅನಿಲವನ್ನು ತಡೆಯುವುದಿಲ್ಲ. ಒಳಮೂಲೆಯಿಂದ ಸಿಂಪಡಿಸುತ್ತಾ ಬಾಗಿಲ ಕಡೆಗೆ ಬಂದು ಹೊರನಡೆಯಿರಿ.
• ಮಕ್ಕಳು, ಗರ್ಭಿಣಿಯರು ಮತ್ತು ಉಬ್ಬಸವಿರುವವರು ದೂರವಿರಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಿರಿ.
• ಉಳಿದ ಫಾರ್ಮಾಲಿನ್ ಅನ್ನು ಚರಂಡಿ, ಬಾವಿ ಅಥವಾ ಕೆರೆಗೆ ಸುರಿಯಬೇಡಿರಿ. ಮುಚ್ಚಳ ಬಿಗಿದು, ಹೆಸರು ಬರೆದು, ಬೀಗ ಹಾಕಿಟ್ಟು ರೇಷ್ಮೆ ಇಲಾಖೆಯ ಅಧಿಕಾರಿಗಳ ಸಲಹೆ ಪಡೆಯಿರಿ.
• ಕೆಲವು ಹಾಸಿಗೆ ಸೋಂಕು ನಿವಾರಕ ಪುಡಿಗಳಲ್ಲಿ ಪ್ಯಾರಾಫಾರ್ಮಾಲ್ಡಿಹೈಡ್ ಇರುತ್ತದೆ. ಕೊಳ್ಳುವ ಮೊದಲು ಪೊಟ್ಟಣದ ಮೇಲಿನ ವಿವರ ಓದಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಫಾರ್ಮಾಲಿನ್‌ನ ಕಟುವಾಸನೆಯನ್ನೇ ಔಷಧಿಯ ಶಕ್ತಿಯೆಂದು ಭಾವಿಸುವ ರೈತರಿದ್ದಾರೆ. ಸೋಂಕು ಹೋಗುವುದು ಸರಿಯಾದ ಪ್ರಮಾಣ, ಶುಚಿಯಾದ ಮೇಲ್ಮೈ ಮತ್ತು ಪೂರ್ಣ ತೋಯುವಿಕೆಯಿಂದ ಎಂಬುದನ್ನು ರೈತರ ಮನೆಯಲ್ಲಿಯೇ ಅಳತೆ ಮಾಡಿ, ದ್ರಾವಣ ತಯಾರಿಸಿ ತೋರಿಸಿರಿ. ಹೆಚ್ಚಿನ ಮಾಹಿತಿಗೆ ಸಮೀಪದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರವನ್ನು ಅಥವಾ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.