ಕಾಗಿಣಾ ಸೀಮೆ ಮತ್ತು ಕೃಷ್ಣೆಯ ಸೀಗಡಿ

ಚಿಂಚೋಳಿಯ ಮುಲ್ಲಾಮಾರಿ, ಸೇಡಂನ ಕಮಲಾವತಿ ಎರಡೂ ಕಾಗಿಣಾ ನದಿಗೆ ಸೇರುತ್ತವೆ. ಚಿತ್ತಾಪುರ, ಶಹಾಬಾದ್ ಸೀಮೆ ದಾಟಿದ ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು ಕೂಡುತ್ತದೆ. ಈ ಜಲಾನಯನದಲ್ಲಿ ಸಹಜವಾಗಿ ಬೆಳೆಯುವ ಸೀಗಡಿಯೊಂದಿದೆ. ಫ್ರೆಂಚ್ ಪ್ರಾಣಿವಿಜ್ಞಾನಿ ಮಿಲ್ನ್ ಎಡ್ವರ್ಡ್ಸ್ 1844ರಲ್ಲಿ ವಿವರಿಸಿದ ಇದರ ಇಂದಿನ ವೈಜ್ಞಾನಿಕ ಹೆಸರು ಮ್ಯಾಕ್ರೋಬ್ರಾಕಿಯಂ ಮಾಲ್ಕಮ್ಸೋನಿ. ಗೋದಾವರಿಯಲ್ಲೂ ಇದು ಸಿಗುತ್ತದೆ.

ಈ ಸೀಗಡಿ ಬೆಳೆಯುವುದು ಸಿಹಿನೀರಿನಲ್ಲಿ, ಆದರೆ ಅದರ ಮರಿಗೆ ಉಪ್ಪುನೀರು ಬೇಕು. ಹೆಣ್ಣು ಹೊಟ್ಟೆಯಡಿ ಮೊಟ್ಟೆ ಹೊತ್ತುಕೊಂಡೇ ಅಳಿವೆಯತ್ತ ಇಳಿಯುತ್ತದೆ. ಮೊದಲು ಕಿತ್ತಳೆ ಬಣ್ಣದಲ್ಲಿರುವ ಮೊಟ್ಟೆಗಳು ಒಡೆಯುವ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತವೆ. ಹೊರಬಂದ ಮರಿ ಹೊಟ್ಟೆ ಮೇಲಾಗಿ, ಬಾಲ ಮುಂದಾಗಿ ಈಜುತ್ತದೆ. ಹಲವು ಸಲ ಪೊರೆ ಕಳಚಿ ಸೀಗಡಿಯ ರೂಪ ಪಡೆದ ಮೇಲೆ ಹೊಳೆಯ ಎದುರು ಹತ್ತುತ್ತದೆ. ವಿಜಯವಾಡದಲ್ಲಿ 1855ರಲ್ಲಿ ಮುಗಿದ ಅಡ್ಡಗಟ್ಟೆ, ಅದರ ಜಾಗಕ್ಕೆ 1957ರಲ್ಲಿ ಬಂದ ಪ್ರಕಾಶಂ ಬ್ಯಾರೇಜು, 1967ರ ನಾಗಾರ್ಜುನಸಾಗರ, ಆಮೇಲಿನ ಶ್ರೀಶೈಲ ಹೀಗೆ ಒಂದೊಂದಾಗಿ ಆ ದಾರಿಗೆ ಅಡ್ಡ ನಿಂತವು. ನೀರಾವರಿಗಾಗಿ ನದಿ ತೆತ್ತ ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಮರಿಗೆ ಉಪ್ಪು ಬೇಕೆಂಬುದನ್ನು ಇದರ ಹತ್ತಿರದ ಬಂಧು ರೋಸೆನ್‌ಬರ್ಗಿ ಸೀಗಡಿಯಲ್ಲಿ ಮೊದಲು ಕಂಡುಕೊಂಡವರು ಮಲೇಷ್ಯಾದ ಪೆನಾಂಗ್‌ನಲ್ಲಿ ದುಡಿದ ಶಾವೊ-ವೆನ್ ಲಿಂಗ್. ಅದು 1960ರ ದಶಕದ ಆರಂಭ. ಅದೇ ದಶಕದಲ್ಲಿ ಹವಾಯಿಯ ಟಕುಜಿ ಫುಜಿಮುರಾ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಸಾಕುವ ಬಗೆಯನ್ನು ರೂಢಿಗೆ ತಂದರು. ಸಮುದ್ರದಿಂದ ದೂರದ ಊರುಗಳಿಗೆ ನೆರವಾದದ್ದು ನೀರನ್ನು ಮತ್ತೆ ಮತ್ತೆ ಬಳಸುವ ಪದ್ಧತಿ. ಟ್ಯಾಂಕರಿನಲ್ಲಿ ತಂದ ಉಪ್ಪುನೀರನ್ನು ದಿನವೂ ಚೆಲ್ಲಿದರೆ ಗಿಟ್ಟುವುದಿಲ್ಲ. ಉಳಿದ ಮೇವು ಮತ್ತು ಹಿಕ್ಕೆಯಿಂದ ಹುಟ್ಟುವ ಅಮೋನಿಯಾವನ್ನು ಶೋಧಕದಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಅದನ್ನು ಮತ್ತೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೀರು ತೊಟ್ಟಿಗೆ ಮರಳುತ್ತದೆ. ಕರೆಂಟು ಹೋಗಿ ನೀರಿಗೆ ಊದುವ ಗಾಳಿ ನಿಂತರೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ಹಾಳು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಈ ಪದ್ಧತಿಗೂ ಸಹಾಯಧನ ಇಡಲಾಗಿತ್ತು.

ಶಹಾಬಾದ್ ಫರಸಿಗೂ ವಾಡಿಯ ಸಿಮೆಂಟಿಗೂ ಮೂಲವಾದ ಸುಣ್ಣಕಲ್ಲು ಕಾಗಿಣಾ ಸೀಮೆಯ ಸೀಗಡಿ ಸಾಕಣೆಯಲ್ಲಿ ಎರಡು ಬಗೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಸುಣ್ಣಕಲ್ಲಿನಿಂದ ನೀರು ಗಡಸಾಗುತ್ತದೆ; ಅತಿ ಗಡಸು ನೀರು ಸೀಗಡಿಗೆ ಒಗ್ಗದು, ಬೆಳವಣಿಗೆ ಕುಂಠಿತವಾಗುತ್ತದೆ. ಬಾವಿ ನೀರನ್ನು ಪರೀಕ್ಷೆ ಮಾಡಿಸದೆ ತೊಟ್ಟಿ ತುಂಬುವಂತಿಲ್ಲ. ಶೋಧಕದಲ್ಲಾದರೆ ಅದೇ ಸುಣ್ಣಕಲ್ಲಿನ ಚೂರು, ಬ್ಯಾಕ್ಟೀರಿಯಾಗಳ ಕೆಲಸದಿಂದ ಹುಳಿಯೇರುವ ನೀರನ್ನು ಹದದಲ್ಲಿಡುತ್ತದೆ.

ಬಲಿತ ಮರಿಗಳನ್ನು ಹಂತಹಂತವಾಗಿ ಸಿಹಿನೀರಿಗೆ ಒಗ್ಗಿಸಿ ಕೆರೆ, ಹೊಂಡಗಳಿಗೆ ಬಿಡುತ್ತಾರೆ. ಅಲ್ಲಿ ಅವು ಬೆಳೆಯುತ್ತವೆ, ಆದರೆ ಸಂತತಿ ಮುಂದುವರಿಯುವುದಿಲ್ಲ. ಹಾಗಾಗಿ ಪ್ರತಿ ಬೆಳೆಗೂ ಹೊಸ ಮರಿ ತರಬೇಕಾಗುತ್ತದೆ.