ಜಪಾನಿನ ಹಳೆಯ ಫೌಂಟನ್ ಪೆನ್ನುಗಳು: ಗುರುತುಗಳು ಮತ್ತು ಸಂರಕ್ಷಣೆ

ಜಪಾನಿನಲ್ಲಿ ಫೌಂಟನ್ ಪೆನ್ನಿನ ತಯಾರಿಕೆ ಉದ್ಯಮವಾಗಿ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. 1911ರಲ್ಲಿ ಕುರೆ ನಗರದಲ್ಲಿ ಸಕಾಟಾ ಕ್ಯುಗೊರೊ ಆರಂಭಿಸಿದ ಕಾರ್ಖಾನೆ ಸೇಲರ್ ಸಂಸ್ಥೆಯ ಮೂಲವಾದರೆ, 1918ರಲ್ಲಿ ನಮಿಕಿ ರ್ಯೋಸುಕೆ ಮತ್ತು ವಾದಾ ಮಸಾವೊ ಟೋಕಿಯೊದಲ್ಲಿ ಸ್ಥಾಪಿಸಿದ ನಮಿಕಿ ಸಂಸ್ಥೆಯು 1938ರಲ್ಲಿ ಪೈಲಟ್ ಎಂದು ಹೆಸರು ಬದಲಿಸಿಕೊಂಡಿತು. ಈ ಉದ್ಯಮದ ಚರಿತ್ರೆಗೆ ಪೆನ್ನುಗಳ ಮೈಮೇಲಿನ ಗುರುತುಗಳೇ ಬಹುಮುಖ್ಯ ಆಕರಗಳಾಗಿರುವುದರಿಂದ, ಅವುಗಳನ್ನು ಅಳಿಸುವ ಯಾವ ದುರಸ್ತಿಯನ್ನೂ ಸಂರಕ್ಷಣೆ ಎನ್ನಲಾಗದು.

ಆರಂಭದ ಪೆನ್ನುಗಳ ಕೊಳವೆ ಮತ್ತು ಮುಚ್ಚಳಗಳನ್ನು ಎಬೊನೈಟಿನಿಂದ, ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನಿಂದ, ಮಾಡಲಾಗುತ್ತಿತ್ತು. ಬೆಳಕು ಮತ್ತು ತೇವ ತಗುಲಿದಾಗ ಇದರ ಕಪ್ಪು ಬಣ್ಣ ಮಾಸಿ ಕಂದಾಗುತ್ತಿದ್ದುದರಿಂದ, ನಮಿಕಿ ಸಂಸ್ಥೆಯು ಉರುಶಿ ಎಂಬ ಮರದ ರಸದ ಮೆರುಗೆಣ್ಣೆಯನ್ನು ಲೇಪಿಸುವ ವಿಧಾನವನ್ನು ರೂಪಿಸಿತು. ಈ ರಕ್ಷಾಲೇಪನವೇ ಮುಂದೆ ಹಸಿ ಮೆರುಗೆಣ್ಣೆಯ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಮೂಡಿಸುವ ಮಾಕಿ-ಎ ಕಲೆಗೆ ನೆಲೆಯಾಯಿತು. 1930ರಲ್ಲಿ ಲಂಡನ್ನಿನ ಡನ್‌ಹಿಲ್ ಸಂಸ್ಥೆಯೊಡನೆ ಒಪ್ಪಂದವಾದ ಬಳಿಕ ಇಂತಹ ಪೆನ್ನುಗಳು ಯುರೋಪಿನಲ್ಲಿ ಹೆಚ್ಚು ಪ್ರಚಲಿತವಾದವು. ಮತ್ಸುದಾ ಗೊನ್‌ರೊಕು ಮುಂದಾಳಾಗಿದ್ದ ಈ ಪೆನ್ನುಗಳ ಮೇಲೆ ಚಿತ್ರ ಮೂಡಿಸುತ್ತಿದ್ದ ಕೊಕ್ಕೊಕಾಯ್ ಎಂಬ ಕಲಾವಿದರ ಬಳಗವು 1931ರಲ್ಲಿ ರೂಪುಗೊಂಡಿತು. ಕೊಳವೆಯ ಮೇಲೆ ಸಣ್ಣ ಅಕ್ಷರಗಳಲ್ಲಿರುವ ಬಳಗದ ಹೆಸರು, ಕಲಾವಿದನ ಸಹಿ ಮತ್ತು ಅದರ ಕೆಳಗಿನ ಕೆಂಪು ಅಂಕಿತಗಳಿಂದ ಕೃತಿಯ ಕರ್ತೃವನ್ನು ಗುರುತಿಸಲಾಗುತ್ತದೆ.

ಯುದ್ಧಾನಂತರದ ಪೆನ್ನುಗಳ ಕಾಲನಿರ್ಣಯಕ್ಕೆ ನಿಬ್ಬೇ ಆಧಾರ. ಜಪಾನಿನ ಕೈಗಾರಿಕಾ ಪ್ರಮಾಣೀಕರಣ ಕಾಯಿದೆ ಬಂದದ್ದು 1949ರಲ್ಲಿ; ಆದ್ದರಿಂದ ಆ ಕಾಯಿದೆಯಡಿಯ ಜೆಐಎಸ್ ಮುದ್ರೆಯುಳ್ಳ ನಿಬ್ಬು ಅದಕ್ಕಿಂತ ಹಿಂದಿನದಾಗಿರಲಾರದು. ಪೈಲಟ್ ನಿಬ್ಬಿನ ಮೇಲೆ 'ಎಚ್468' ಎಂದಿದ್ದರೆ, ಮೊದಲ ಅಕ್ಷರವು ಹಿರಾತ್ಸುಕಾ ಕಾರ್ಖಾನೆಯನ್ನೂ 4 ಎಂಬುದು ಏಪ್ರಿಲ್ ತಿಂಗಳನ್ನೂ 68 ಎಂಬುದು 1968ನೆಯ ಇಸವಿಯನ್ನೂ ಸೂಚಿಸುತ್ತವೆ. ಆದರೆ ನಿಬ್ಬುಗಳನ್ನು ಬದಲಿಸುವುದು ವಾಡಿಕೆಯಾಗಿದ್ದುದರಿಂದ, ಈ ದಿನಾಂಕವನ್ನು ಪೆನ್ನಿನ ರಚನೆ ಮತ್ತು ಮಸಿ ತುಂಬುವ ವ್ಯವಸ್ಥೆಯೊಡನೆ ತಾಳೆ ನೋಡಿಯೇ ಒಪ್ಪಬೇಕಾಗುತ್ತದೆ.

ಸಂರಕ್ಷಣೆಯ ಕ್ರಮವನ್ನು ಪೆನ್ನಿನ ವಸ್ತುವೇ ನಿರ್ಧರಿಸುತ್ತದೆ. ಎಬೊನೈಟನ್ನು ನೀರಿನಲ್ಲಿ ನೆನೆಹಾಕಬಾರದು. ಉರುಶಿ ಲೇಪನವನ್ನು ಬಿಸಿಲಿನಿಂದ ದೂರವಿಡಬೇಕು. ಕೆಲವು ಪೆನ್ನುಗಳಿಗೆ ಬಳಸಿದ, ಕರ್ಪೂರ ಬೆರೆತ ಸೆಲ್ಯುಲಾಯ್ಡ್ ಕಾಲಕ್ರಮೇಣ ಆಮ್ಲೀಯ ಆವಿಯನ್ನು ಹೊರಸೂಸಿ ಶಿಥಿಲವಾಗುವುದರಿಂದ, ಅದನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿರಿಸದೆ ಗಾಳಿಯಾಡುವ ತಂಪು ಜಾಗದಲ್ಲಿ ಇಡಬೇಕು. ಒಣಗಿದ ಮಸಿಯನ್ನು ಕರಗಿಸಲು ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿ ತೊಳೆದರೆ ಸಾಕು. ಮಾಸಿದ ಕೊಳವೆಯನ್ನು ಉಜ್ಜಿ ಹೊಳಪೇರಿಸಿದರೆ ಆಳವಿಲ್ಲದ ಅಚ್ಚಕ್ಷರಗಳು ಸವೆದುಹೋಗುತ್ತವೆ. ಮಾಸಿದ ಬಣ್ಣವನ್ನು ಸಹಿಸಿಕೊಳ್ಳಬಹುದು, ಅಳಿದ ಮುದ್ರೆಯನ್ನು ಮರಳಿ ಪಡೆಯಲಾಗದು. ಆದಕಾರಣ ಯಾವುದೇ ಶುಚಿಕಾರ್ಯಕ್ಕೆ ಮೊದಲು ಗುರುತುಗಳ ಛಾಯಾಚಿತ್ರ ತೆಗೆದು ದಾಖಲಿಸುವುದು ಸಂಗ್ರಾಹಕರ ಪ್ರಥಮ ಕರ್ತವ್ಯವಾಗಿದೆ.